ಒಂದೇ ಬಕೆಟ್ಟಿನ ನೀಲಿ

ಅನಿಲಕುಮಾರನ ಬಿಳಿ ಅಂಗಿಗೆ ಬಂದ ಕಂಟಕ ಹುಟ್ಟಿದ್ದು ಎರಡು ಸಾವಿರ ವರ್ಷದ ಹಿಂದೆ, ರೋಮ್ ನಗರದಲ್ಲಿ. ಅದು ಮಾನವಿಯ ಅವನ ಮನೆಯ ಬಾಗಿಲಿಗೆ ಬಂದು ಮುಟ್ಟಿದ್ದು ಭಾನುವಾರ ಸಂಜೆ, ಪಕ್ಕದ ಮನೆಯ ಜಯಾಬಾಯಿಯವರ ಬಾಯಿಂದ.

ಜಯಾಬಾಯಿ ಊರೂರಿನ ಕಾಲೇಜುಗಳಲ್ಲಿ ಮೂವತ್ತೆರಡು ವರ್ಷ ಸಸ್ಯಶಾಸ್ತ್ರ ಕಲಿಸಿ, ನಿವೃತ್ತರಾದ ಮೇಲೆ ಮಾನವಿಗೆ ಬಂದು ನೆಲೆಸಿದವರು. ಗಿಡಗಳ ಲ್ಯಾಟಿನ್ ಹೆಸರೆಂದರೆ ಅವರಿಗೆ ನೆಂಟರಿಷ್ಟರ ಹೆಸರಿದ್ದಂತೆ. ಯಾರು ಯಾರಿಗೆ ಏನಾಗಬೇಕು ಎಂಬುದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅನಿಲಕುಮಾರ ಊರಿನ ಒಂದು ಕಾಲೇಜಿನಲ್ಲಿ ಅದೇ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿಯಾಗಿ ಒಂಬತ್ತು ವರ್ಷವಾಗಿತ್ತು. ಪ್ರತಿ ಬೇಸಿಗೆಗೆ ಎಲೆಯಂತೆ ಕೆಲಸದಿಂದ ಉದುರುವುದು, ಮಳೆಗಾಲದಲ್ಲಿ ಯಾರಾದರೂ ಕರೆದರೆ ಮತ್ತೆ ಚಿಗುರುವುದು, ಇದೇ ಅವನ ನೌಕರಿ. ಮರುದಿನ ಸೋಮವಾರ ಹನ್ನೊಂದು ಗಂಟೆಗೆ ರಾಯಚೂರಿನ ಕಾಲೇಜೊಂದರಲ್ಲಿ ಕಾಯಂ ಹುದ್ದೆಗೆ ಸಂದರ್ಶನವಿತ್ತು. ಅವನಿಗೆ ಮೂವತ್ತೇಳು ತುಂಬಿತ್ತು. ಇಂಥ ಹುದ್ದೆ ಇನ್ನೊಂದು ಸಲ ಕರೆಯುವಷ್ಟರಲ್ಲಿ ವಯಸ್ಸಿನ ಮಿತಿ ದಾಟಿರುತ್ತಿತ್ತು.

"ಕ್ಯಾಂಡಿಡೇಟ್ ಅಂತೀವಲ್ಲ, ಆ ಶಬ್ದ ಎಲ್ಲಿಂದ ಬಂತು ಗೊತ್ತದ ಏನಪಾ ನಿನಗ?" ಎಂದು ಜಯಾಬಾಯಿ ಕಾಂಪೌಂಡಿನ ಆಚೆಯಿಂದ ಕೇಳಿದರು.

"ಇಂಗ್ಲಿಷಿನಿಂದ ಅಲ್ಲೇನ್ರಿ ಮೇಡಂ?"

"ಅವರಿಗೆ ಎಲ್ಲಿಂದ ಬಂತು? ಲ್ಯಾಟಿನ್‌ದಾಗ ಬಿಳಿ ಬಣ್ಣಕ್ಕ ಎರಡು ಶಬ್ದ ಅವ. ಆಲ್ಬಸ್ ಅಂದ್ರ ಬರೇ ಬಿಳಿ, ಗ್ವಾಡಿ ಸುಣ್ಣದ ಬಿಳಿ. ಕ್ಯಾಂಡಿಡಸ್ ಅಂದ್ರ ಹೊಳಿಯೋ ಬಿಳಿ. ರೋಮಿನಾಗ ಹುದ್ದೆ ಬೇಕು ಅಂದವರು ಬಟ್ಟಿಗೆ ಸೀಮೆಸುಣ್ಣ ತಿಕ್ಕಿಕೊಂಡು, ಫಳಫಳ ಹೊಳಕೋತ ಊರಾಗ ಅಡ್ಡಾಡತಿದ್ರಂತ. ಅದಕ್ಕ ಅವರಿಗೆ ಕ್ಯಾಂಡಿಡೇಟಸ್ ಅಂತ ಹೆಸರು. ಬಿಳುಪು ಮಾಡಿಕೊಂಡಾವ ಅಂತ. ಎಲ್ಲಿ, ನಿನ್ನ ನಾಳಿನ ಅಂಗಿ ತಗೊಂಡು ಬಾ."

ಅನಿಲಕುಮಾರ ತಂದು ತೋರಿಸಿದ. ಜಯಾಬಾಯಿ ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಇದು ಆಲ್ಬಸ್ಸೂ ಅಲ್ಲ, ಕ್ಯಾಂಡಿಡಸ್ಸೂ ಅಲ್ಲ. ಚಹಾ ಸೋಸೋ ಅರಿವಿ. ಕೊಡು ಇಲ್ಲೆ. ನನ್ನ ಬಿಳಿ ಸೀರಿಗೆ ಹ್ಯಾಂಗೂ ನೀಲಿ ಹಾಕ್ಲಿಕ್ಕತ್ತೀನಿ."

ಒಳಗಿನಿಂದ ಅನಿಲಕುಮಾರನ ತಾಯಿ ಶೇಖಮ್ಮ ಕೈ ಒರೆಸಿಕೊಳ್ಳುತ್ತ ಓಡಿಬಂದಳು. "ಬ್ಯಾಡ್ರಿ ಯವ್ವಾ! ನಿಮ್ಮ ಸೀರಿ ಬಕೆಟ್‌ನ್ಯಾಗ ನಮ್ಮ ಅಂಗಿ ಯಾಕ? ನಾ ಒಗಕೊಂತೀನಿ ಬಿಡ್ರಿ."

"ಯಾರ ಅಂಗಿ ಅಂತ ನೀಲಿಗೆ ಏನು ಗೊತ್ತಾಗ್ತದ ಶೇಖಮ್ಮ?" ಎಂದು ಜಯಾಬಾಯಿ ಅಂಗಿಯನ್ನು ಬಕೆಟ್ಟಿಗೆ ಹಾಕಿಯೇ ಬಿಟ್ಟರು. "ಅಂದಂಗ, ಯಾವ ಕಾಲೇಜಪಾ?"

ಶೇಖಮ್ಮ ಮಗನ ಮೊಣಕೈ ಚಿವುಟಿದಳು. ಮೂರು ವರ್ಷದ ಹಿಂದೆ ಹೀಗೇ ಒಂದು ಸಂದರ್ಶನ ಬಂದಾಗ ಓಣಿಗೆಲ್ಲ ಕಾಲೇಜಿನ ಹೆಸರು ಹೇಳಿ, ಆ ಕೆಲಸ ಯಾರದೋ ಕಣ್ಣು ಬಿದ್ದು ತಪ್ಪಿತು ಎಂದೇ ಅವಳು ನಂಬಿದ್ದಳು. ಈ ಸಲ ಹೆಸರು ಹೊರಬೀಳಬಾರದೆಂದು ಮಗನಿಂದ ಆಣೆ ಮಾಡಿಸಿಕೊಂಡಿದ್ದಳು.

"ರಾಯಚೂರಾಗ ರೀ... ಒಂದು ಕಾಲೇಜು" ಎಂದ ಅನಿಲಕುಮಾರ.

ಜಯಾಬಾಯಿಯವರೂ ಕೆದಕಲಿಲ್ಲ. "ಛಲೋ ಆಗಲಿ. ನಾನೂ ನಾಳೆ ಜಲ್ದಿ ಹೊರಡೋದದ" ಎಂದಷ್ಟೇ ಹೇಳಿ ನೀಲಿಯ ಬಾಟಲಿ ಬಗ್ಗಿಸಿದರು. ಅದೇ ಗಳಿಗೆಗೆ ಕರೆಂಟು ಹೋಯಿತು. ನಾಲ್ಕು ಹನಿ ಬೀಳಬೇಕಾದ ನೀಲಿ ಎಷ್ಟು ಬಿತ್ತೆಂಬುದಕ್ಕೆ ಸಾಕ್ಷಿಗಳಿಲ್ಲ.

ಸೋಮವಾರ ಬೆಳಿಗ್ಗೆ ಆರೂವರೆಗೆ ಹಗ್ಗದ ಮೇಲಿಂದ ಅಂಗಿ ತಂದ ಶೇಖಮ್ಮ ಬಾಗಿಲಲ್ಲೇ ಕೂತುಬಿಟ್ಟಳು. ಅಂಗಿ ಶಾಲೆಯ ಮಕ್ಕಳ ಸಮವಸ್ತ್ರದಷ್ಟು ನೀಲಿಯಾಗಿತ್ತು. ಅದೂ ಒಂದೇ ಸಮನಾಗಿ ಅಲ್ಲ. ಬೆನ್ನಿಗೆ ಗಾಢ, ಎದೆಗೆ ತಿಳಿ, ಎಡತೋಳಿಗೆ ಮೋಡ ಕವಿದ ಆಕಾಶ. ಪಕ್ಕದ ಮನೆಗೆ ಓಡಿದರೆ ಬೀಗ. ಜಯಾಬಾಯಿ ನಸುಕಿನಲ್ಲೇ ಹೋಗಿದ್ದರು.

"ಅವ್ವಾ, ಅಳಬ್ಯಾಡ. ಬ್ಯಾರೆ ಅಂಗಿ ಹಾಕ್ಕೊಂತೀನಿ" ಎಂದ ಅನಿಲಕುಮಾರ.

"ಯಾವುದು? ಆ ಕೆಂಪು ಚೌಕಡಿದ್ದಾ? ಅದನ್ನ ಹಾಕ್ಕೊಂಡು ಹೋದ್ರ ಟ್ರ್ಯಾಕ್ಟರ್ ಡ್ರೈವರ್ ಕೆಲಸ ಕೊಡ್ತಾರ!"

ಅಳು ಕೇಳಿ ಎದುರುಮನೆಯ ಮಹಬೂಬೀ ಬಂದಳು. ಅಂಗಿ ನೋಡಿ ಕೆನ್ನೆಗೆ ಕೈ ಹಚ್ಚಿಕೊಂಡಳು. "ಯಾ ಅಲ್ಲಾ! ಬಿಸಿನೀರಾಗ ನಿಂಬಿಹಣ್ಣು ಹಿಂಡು ಶೇಖಮ್ಮ, ಎಲ್ಲಾ ಬಿಡ್ತದ" ಎಂದು ತಾನೇ ನಾಲ್ಕು ನಿಂಬೆಹಣ್ಣು ತಂದು ಹಿಂಡಿದಳು. ನೀಲಿ ಅರ್ಧ ಬಿಟ್ಟಿತು, ಅರ್ಧ ಹಟಹಿಡಿದು ಕೂತಿತು. ಈಗ ಅಂಗಿ ಭೂಪಟದಂತೆ ಕಂಡಿತು. ಸಮುದ್ರ ಯಾವುದು, ನೆಲ ಯಾವುದು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಓಣಿಯ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟ ತಾಯಣ್ಣ ಬೋಣಿಗೆಗೂ ಕಾಯದೆ ಅದನ್ನು ಒಣಗುವವರೆಗೆ ಇಸ್ತ್ರಿ ಮಾಡಿಕೊಟ್ಟ. ಸಮುದ್ರ, ನೆಲ ಎರಡೂ ಗರಿಗರಿಯಾದವು.

"ಹಾಲಿನ್ಯಾಗ ಅದ್ದಿದ್ರ ಹ್ಯಾಂಗ?" ಎಂದ ತಾಯಣ್ಣ.

"ಬಸ್ಸಿನ್ಯಾಗ ಬೆಕ್ಕು ಬೆನ್ನು ಹತ್ತತಾವು" ಎಂದಳು ಮಹಬೂಬೀ.

ಅನಿಲಕುಮಾರ ಗಡಿಯಾರ ನೋಡಿದ. ಏಳೂವರೆ. ಎಂಟಕ್ಕೆ ಬಸ್ಸು. ಆಗ ಅವನಿಗೆ ರೋಮ್ ನೆನಪಾಯಿತು. ಅಲಮಾರಿಯಲ್ಲಿ ಕಾಲೇಜಿನಿಂದ ತಂದಿಟ್ಟ ಸೀಮೆಸುಣ್ಣದ ಡಬ್ಬಿ ಇತ್ತು.

ಹೊರಸಿನ ಮೇಲೆ ಅಂಗಿ ಹಾಸಿ ಮೂವರೂ ಕೂತರು. ಎಣ್ಣೆ ಸ್ನಾನಕ್ಕೆ ಕೂಸನ್ನು ತಿಕ್ಕುವಂತೆ ಶೇಖಮ್ಮ ಎದೆ ತಿಕ್ಕಿದಳು, ಮಹಬೂಬೀ ತೋಳು ಹಿಡಿದಳು, ತಾಯಣ್ಣ ಬೆನ್ನಿಗೆ ಬಿದ್ದ. ಹದಿನಾರು ಸೀಮೆಸುಣ್ಣ ಸವೆದವು. ಕಡೆಗೆ ಅಂಗಿ ನಿಜಕ್ಕೂ ಬೆಳ್ಳಗಾಯಿತು. ಹೊಳೆಯಲಿಲ್ಲ, ಆದರೆ ಬೆಳ್ಳಗಂತೂ ಆಯಿತು.

"ಉಸಿರು ಸಣ್ಣಗೆ ಬಿಡು ಬೇಟಾ" ಎಂದು ಮಹಬೂಬೀ ಎಚ್ಚರಿಸಿದಳು. "ಸೀನಬ್ಯಾಡ. ಯಾರೂ ಬೆನ್ನು ತಟ್ಟದಂಗ ನೋಡ್ಕೊ."

ದಾರಿಯಲ್ಲಿ ಉದುರಿದರೆ ಮತ್ತೆ ಹಚ್ಚಿಕೊಳ್ಳಲೆಂದು ಡಬ್ಬಿಯಲ್ಲಿ ಉಳಿದ ಒಂದೇ ಒಂದು ಸೀಮೆಸುಣ್ಣವನ್ನು ಶೇಖಮ್ಮ ಮಗನ ಜೇಬಿಗೆ ಹಾಕಿದಳು.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಅನಿಲಕುಮಾರ ಕೈ ಅಗಲಿಸಿ, ಹೊಲದಲ್ಲಿ ನಿಲ್ಲಿಸಿದ ಬೆರ್ಚಪ್ಪನಂತೆ ಯಾರಿಗೂ ತಾಗದೆ ನಿಂತ. ಅವನ ಜೇಬಿನಲ್ಲಿ ಮೊಬೈಲು ಬಡಿದುಕೊಳ್ಳುತ್ತಲೇ ಇತ್ತು. ಕಾಲೇಜಿನ ಹೆಸರನ್ನು ಮುಚ್ಚಿಟ್ಟ ಶೇಖಮ್ಮ ಸಂದರ್ಶನದ ಸುದ್ದಿಯನ್ನು ಮಾತ್ರ ಮುಚ್ಚಿಟ್ಟಿರಲಿಲ್ಲ. ಕುರ್ಡಿಯಿಂದ ಸೋದರಮಾವ, ಚೀಕಲಪರ್ವಿಯಿಂದ ಅಕ್ಕ, ಎಲ್ಲರೂ ಶುಭ ಕೋರುತ್ತ ಕೋರುತ್ತ ಬ್ಯಾಟರಿಯನ್ನು ಕುಡಿದು ಮುಗಿಸಿದರು.

ಕಲ್ಲೂರಿನಲ್ಲಿ ಒಂದು ಸಂತೆಯಷ್ಟು ಜನ ಹತ್ತಿದರು. ಮುಂದೆ ನಿಂತಿದ್ದ ಕರಿಕೋಟಿನ ವಕೀಲರೊಬ್ಬರ ಬೆನ್ನಿಗೆ ಅನಿಲಕುಮಾರ ಗೋಡೆಗೆ ಭಿತ್ತಿಪತ್ರದಂತೆ ಅಂಟಿಕೊಂಡ. ಬಿಡಿಸಿಕೊಂಡಾಗ ಕೋಟಿನ ಮೇಲೆ ಅವನ ಎದೆಯ ಅಚ್ಚು, ಮೂರು ಗುಂಡಿ ಸಹಿತ ಮೂಡಿತ್ತು.

"ಏನ್ರೀ ಇದು! ನಾ ಹೊಂಟಿದ್ದು ಕೋರ್ಟಿಗೆ, ಹಿಟ್ಟಿನ ಗಿರಣಿಗಲ್ಲ!"

"ತಪ್ಪಾತ್ರಿ ಸಾಹೇಬ್ರ" ಎಂದು ಅನಿಲಕುಮಾರ ಕೋಟು ಕೊಡವಿದ. ಸುಣ್ಣದ ಧೂಳು ಎದ್ದಿತು. ವಕೀಲರು ಸೀನಿದರು. ಅವರ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬಳು, ಸೀನು ಬಸ್ಸಿನ ಹಿಂದಿನ ಸೀಟಿನವರೆಗೆ ಹೋಗಿ ಮುಟ್ಟಿತು.

"ಯಾವ ಗಿರಣಿಯಣ್ಣಾ ನಿಂದು?" ಎಂದು ಮುದುಕಿಯೊಬ್ಬಳು ಅಕ್ಕರೆಯಿಂದ ಕೇಳಿದಳು. "ಸಣ್ಣಗ ಬೀಸ್ತೀರಿ ನೋಡು."

ನಡೆದದ್ದನ್ನೆಲ್ಲ ಅನಿಲಕುಮಾರ ಹೇಳಲೇಬೇಕಾಯಿತು. ರೋಮ್ ಬಂತು, ಕ್ಯಾಂಡಿಡಸ್ ಬಂತು, ಬಕೆಟ್ಟು ಬಂತು. ಕೇಳಿದ ಕಂಡಕ್ಟರ್ ತನ್ನ ಸೀಟಿನಿಂದ ಎದ್ದ. "ಇಲ್ಲಿ ಕೂಡ್ರಿ ಸರ. ಇನ್ನೊಬ್ಬರು ತಾಗಿದ್ರ ನೀಲಿ ಬಯಲಾಗತದ." ಆಮೇಲೆ ಬಸ್ಸಿಗೆಲ್ಲ ಕೂಗಿದ, "ಈ ಸರನ್ನ ಯಾರೂ ಮುಟ್ಟಬ್ಯಾಡ್ರಿ! ಇಂಟರ್‌ವ್ಯೂಗೆ ಹೊಂಟಾರ!" ವಕೀಲರೂ ಕರಗಿದರು. ಇಳಿಯುವಾಗ, "ಕೆಲಸ ಸಿಗದಿದ್ರ ಮಾತ್ರ ಕೋಟು ಒಗಿಯೋ ಖರ್ಚು ಕೇಳ್ತೀನಿ" ಎಂದು ನಕ್ಕು ಹೋದರು.

ರಾಯಚೂರಿನ ಕಾಲೇಜು ಮುಟ್ಟಿದಾಗ ಹತ್ತೂ ಇಪ್ಪತ್ತು. ಆಫೀಸಿನ ಮುಂದಿನ ಬೆಂಚಿನಲ್ಲಿ ಆರು ಮಂದಿ ಅಭ್ಯರ್ಥಿಗಳು ಹೊಸ ಅಂಗಿ, ಹೊಳೆಯುವ ಬೂಟುಗಳಲ್ಲಿ ಫೈಲು ಅಪ್ಪಿಕೊಂಡು ಕೂತಿದ್ದರು. ಅನಿಲಕುಮಾರ ಕಂಬದ ಮರೆಗೆ ಸರಿದು ತನ್ನನ್ನು ನೋಡಿಕೊಂಡ. ಹೊಟ್ಟೆಯ ಬಳಿ ಸುಣ್ಣ ಉದುರಿ ಒಂದು ಸಣ್ಣ ಸಮುದ್ರ ಇಣುಕುತ್ತಿತ್ತು. ಜೇಬಿನ ಸೀಮೆಸುಣ್ಣ ತೆಗೆದು ಹಚ್ಚಿಕೊಳ್ಳಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ಕೈ ರಟ್ಟೆ ಹಿಡಿಯಿತು.

"ಬಂದ್ರೇನ್ರಿ ಸರ! ಅಂತೂ ಬಂದ್ರಿ!"

ಆತ ಕಾಲೇಜಿನ ಜವಾನ ಉರುಕುಂದಪ್ಪ. ಸಸ್ಯಶಾಸ್ತ್ರ ಕಲಿಸುತ್ತಿದ್ದವರು ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಕಾಯಂ ನೇಮಕ ಆಗುವವರೆಗೆ ಪಾಠಕ್ಕೆಂದು ದೇವದುರ್ಗದಿಂದ ಒಬ್ಬರು ಬರುತ್ತಾರೆ, ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಉರುಕುಂದಪ್ಪ ದಿನಾಲು ಗೇಟು ಕಾಯುತ್ತಿದ್ದ.

"ನಾನು ದೇವದುರ್ಗದವ ಅಲ್ರಿ..."

"ಹತ್ತರ ಬಸ್ಸಿಗೆ ಬಂದಿರಿ, ಮೈತುಂಬ ಚಾಕ್‌ಪೀಸ್ ಅದ, ಮಾಸ್ತರ ಅಲ್ಲದ ಮತ್ಯಾರು ನೀವು? ಮೊದಲು ಬರ್ರಿ, ಆಮ್ಯಾಲ ಚಹಾ ತರ್ತೀನಿ. ಹುಡುಗೂರು ಕುಂತು ಕುಂತು ಬೇರು ಬಿಟ್ಟಾವ."

ಉರುಕುಂದಪ್ಪನ ಕಿವಿ ಸ್ವಲ್ಪ ಮಂದ, ಕೈ ಬಹಳ ಗಟ್ಟಿ. ಕಾರಿಡಾರಿನ ತುದಿಯ ಕೋಣೆಗೆ ಅನಿಲಕುಮಾರನನ್ನು ತಳ್ಳಿ ಬಾಗಿಲು ಎಳೆದುಕೊಂಡು ಹೋದ.

ನಲವತ್ತು ಮಕ್ಕಳು ಎದ್ದು ನಿಂತರು. "ಗುಡ್ ಮಾರ್ನಿಂಗ್ ಸರ್!"

ಅನಿಲಕುಮಾರ "ನಾನು ನಿಮ್ಮ ಸರ್ ಅಲ್ಲ" ಎಂದು ಹೇಳಲು ಬಾಯಿ ತೆರೆದ. ಕರಿಹಲಗೆ ಕಣ್ಣಿಗೆ ಬಿತ್ತು. ಮೂಲೆಯಲ್ಲಿ ಎರಡು ತಿಂಗಳ ಹಿಂದಿನ ತಾರೀಖು ಹಾಗೇ ಇತ್ತು. ಯಾರೋ ಅದನ್ನು ಒರೆಸದೆ, ಸುತ್ತ ಸಣ್ಣದೊಂದು ಹೂಬಳ್ಳಿ ಬರೆದಿದ್ದರು. ಅವನು ಬಾಯಿ ಮುಚ್ಚಿದ. ಗೋಡೆಯ ಗಡಿಯಾರ ಹತ್ತೂ ಇಪ್ಪತ್ತೈದು ತೋರಿಸುತ್ತಿತ್ತು. ಅರ್ಧ ಗಂಟೆ ಇದೆ, ಇಪ್ಪತ್ತು ನಿಮಿಷ ಮಾತಾಡಿ ಹೊರಟರಾಯಿತು ಎಂದುಕೊಂಡ.

"ಏನು ತಿಳಿದಿಲ್ಲ ಹೇಳ್ರಿ" ಎಂದ.

ಮೊದಲ ಬೆಂಚಿನ ಹುಡುಗಿ, ಸಂಘಮಿತ್ರಾ, ತಡಮಾಡದೆ ಎದ್ದಳು. "ಸರ, ಶ್ರೀಗಂಧ ಸ್ಯಾಂಟಲಮ್ ಆಲ್ಬಮ್. ಹಿಪ್ಪುನೇರಳಿ ಮೋರಸ್ ಆಲ್ಬಾ. ರಾಜಗಿರಿ ಬಳಗದಾಗ ಒಂದು ಅಮರಾಂತಸ್ ಆಲ್ಬಸ್. ಮೂರೂ ಬಿಳಿ ಅಂತನ ಅರ್ಥ ಅಂತ್ರಿ. ಬಿಳಿ ಒಂದ ಇದ್ದ ಮ್ಯಾಲ ಬಾಲ ಮೂರು ಯಾಕ್ರಿ? ಎಲ್ಲಾ ಬಾಯಿಪಾಠ ಮಾಡೀವಿ, ತಿಳಿದಿಲ್ಲ."

ಅನಿಲಕುಮಾರನ ಮುಖ ಅರಳಿತು. ಒಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬರೆಯಲೆಂದು ತಿರುಗಿದರೆ ಹಲಗೆಯ ಕೆಳಗೆ ಸೀಮೆಸುಣ್ಣದ ಚೂರೂ ಇರಲಿಲ್ಲ. ಅವನು ಜೇಬು ಮುಟ್ಟಿಕೊಂಡ. ಒಂದೇ ತುಂಡು. ಕೆಳಗೆ ನೋಡಿದ, ಹೊಟ್ಟೆಯ ಸಮುದ್ರ ಎದೆಯ ಕಡೆ ಏರುತ್ತಿತ್ತು. ಮೇಲೆ ನೋಡಿದ, ನಲವತ್ತು ಮುಖಗಳು. ಆ ತುಂಡು ತೆಗೆದು ಹಲಗೆಯ ಮೇಲೆ ದೊಡ್ಡದಾಗಿ ಬರೆದ.

"ಕನ್ನಡದಾಗ ಬಿಳಿ ಎತ್ತು, ಬಿಳಿ ಆಕಳು, ಬಿಳಿ ಅಂಗಿ ಅಂತೀವಿ. ಬಿಳಿ ಯಾರ ಮಾತೂ ಕೇಳಂಗಿಲ್ಲ, ಇದ್ದಂಗ ಇರತದ. ಲ್ಯಾಟಿನ್‌ದಾಗ ಹಂಗಲ್ಲ. ಯಾವ ಹೆಸರಿನ ಜೋಡಿ ಬಂದದ ನೋಡಿ ಅದು ವೇಷ ಬದಲಿ ಮಾಡ್ತದ."

ಹಿಂದಿನಿಂದ ನೌಶೀನ್ ಎಂಬ ಹುಡುಗಿ ಕೈ ಎತ್ತಿದಳು. "ಸರ, ನಮ್ಮ ಮನ್ಯಾಗ ಹಂಗ ಮಾತಾಡ್ತೀವ್ರಿ. ಕಾಲಾ ಬಕ್ರಾ, ಕಾಲೀ ಬಕ್ರೀ. ಹೋತ ಆದ್ರ ಕಾಲಾ, ಆಡು ಆದ್ರ ಕಾಲೀ."

"ಶಾಬ್ಬಾಸ್!" ಅನಿಲಕುಮಾರ ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದನೆಂದರೆ ಎರಡೂ ತೋಳಿನ ಸುಣ್ಣ ಹಾರಿ ಮುಂದಿನ ಬೆಂಚು ಮಂಜು ಕವಿದಂತಾಯಿತು. "ನಿಮ್ಮ ಮನಿಯ ಬಕ್ರಿಗೆ ಲ್ಯಾಟಿನ್ ಬರತದ! ಆದ್ರ ಅವರಿಗೆ ಗಂಡು, ಹೆಣ್ಣು ಸಾಲಂಗಿಲ್ಲ, ಮೂರನೇದು ಒಂದು ಬೇಕು. ಅದೂ ನಮಗ ಗೊತ್ತದ. ಬಿಳಿಯವನು, ಬಿಳಿಯವಳು, ಬಿಳಿಯದು ಅಂತ ಬರೀತೀವಲ್ಲ? ಆಲ್ಬಸ್, ಆಲ್ಬಾ, ಆಲ್ಬಮ್. ಅಷ್ಟ!"

ನಲವತ್ತು ಪೆನ್ನುಗಳು ಒಟ್ಟಿಗೆ ಓಡಿದವು. ಸಂಘಮಿತ್ರಾ ಮಾತ್ರ ತಲೆ ಎತ್ತಿದಳು. "ಹಂಗಂದ್ರ ಮೋರಸ್ ಅಂತ ಗಂಡಸಿನ ಬಾಲ ಇಟ್ಟುಕೊಂಡು ಹಿಪ್ಪುನೇರಳಿ ಆಲ್ಬಾ ಹ್ಯಾಂಗಾತ್ರಿ?"

"ರೋಮಿನವರಿಗೆ ಮರ ಅಂದ್ರ ಹೆಣ್ಣು. ಹೆಸರಿನ ಬಾಲ ಏನರ ಇರಲಿ, ನೆರಳು ಕೊಡಾಕಿ, ಹಣ್ಣು ಕೊಡಾಕಿ ಹೆಣ್ಣ ಅಲ್ಲೇನು? ಅಂತ ನಮ್ಮ ಮೇಡಂ ಒಬ್ಬರು ಹೇಳ್ತಾರ. ಅವರು ನನಗ ಕ್ಲಾಸಿನ್ಯಾಗ ಕಲಿಸಿಲ್ಲ, ಕಾಂಪೌಂಡಿನ ಮ್ಯಾಲಿಂದ ಕಲಿಸ್ಯಾರ."

ಪಾಠ ಆಲ್ಬಸ್‌ನಿಂದ ಕ್ಯಾಂಡಿಡಸ್‌ಗೆ, ಕ್ಯಾಂಡಿಡಸ್‌ನಿಂದ ರೋಮಿನ ಸುಣ್ಣದ ಬಟ್ಟೆಗೆ ಬಂತು. ಉದಾಹರಣೆಗೆ ಬೇರೆಲ್ಲೂ ಹೋಗಬೇಕಿರಲಿಲ್ಲ, ಅಂಗಿ ಮೈಮೇಲೇ ಇತ್ತು. ಮಕ್ಕಳು ನಕ್ಕು ನಕ್ಕು ಬೆಂಚು ಗುದ್ದಿದರು. ನಡುವೆ ಅವನು ಮೂರು ಸಲ ಗಡಿಯಾರ ನೋಡಿದ. ಮೂರು ಸಲವೂ ಹತ್ತೂ ಇಪ್ಪತ್ತೈದು. ನಾಲ್ಕನೆಯ ಸಲ ಅವನು ಗಡಿಯಾರದತ್ತ ಬೆರಳು ಚಾಚಿದ.

"ಆ ಗಡಿಯಾರ..."

"ಅದು ಹೋದ ವರ್ಷದಿಂದ ನಿಂತದ್ರಿ ಸರ" ಎಂದಳು ನೌಶೀನ್.

"ಈಗ ಎಷ್ಟು ಗಂಟಿ?"

"ಹನ್ನೊಂದೂವರಿ."

ಅನಿಲಕುಮಾರ ಓಡಿದ. "ಸರ, ನಾಳಿ ಬರ್ತೀರೇನ್ರಿ?" ಎಂದು ಸಂಘಮಿತ್ರಾ ಕೂಗಿದ್ದು ಕಿವಿಗೆ ಬಿತ್ತು, ಅಷ್ಟರಲ್ಲಿ ಅವನು ಕಾರಿಡಾರ್ ದಾಟಿದ್ದ.

ಆಫೀಸಿನ ಮುಂದಿನ ಬೆಂಚು ಖಾಲಿ. ಆರು ಅಭ್ಯರ್ಥಿಗಳೂ ಇಲ್ಲ, ಅವರ ಹೊಳೆಯುವ ಬೂಟುಗಳೂ ಇಲ್ಲ. ಗುಮಾಸ್ತ ವಿನೋದ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತಿದ್ದ. ಒಂಬತ್ತು ವರ್ಷ ಕಾದು, ಹದಿನಾರು ಸೀಮೆಸುಣ್ಣ ಸವೆಸಿ, ನಾಲ್ಕು ನಿಂಬೆಹಣ್ಣು ಹಿಂಡಿಸಿ, ಕೊನೆಗೆ ನಿಂತ ಗಡಿಯಾರವನ್ನು ನಂಬಿ ಎಲ್ಲ ಕಳೆದುಕೊಂಡೆ ಎಂದು ಅನಿಲಕುಮಾರ ಬೆಂಚಿನ ಮೇಲೆ ಕುಸಿದ.

"ನೀವು ಮಾನವಿ ಅನಿಲಕುಮಾರ ಏನ್ರಿ?" ಎಂದ ವಿನೋದ. "ಹಾಜರಿಗೆ ಎರಡು ಸಲ ಹೆಸರು ಕೂಗಿದೆ."

"ಆಗಿಹೋತೇನ್ರಿ?"

"ಏನು ಆಗೂದು? ಸುರುನ ಆಗಲಿಲ್ಲ. ಮುಂದಿನ ಸೋಮವಾರಕ್ಕ ಹೋತು." ವಿನೋದ ಹಾಳೆಯ ಮೇಲೆ ಗುದ್ದಿ ಅಂಟಿಸಿದ. "ವಿಷಯ ತಜ್ಞರು ಇರಲಾರದ ಸಂದರ್ಶನ ಮಾಡಾಂಗಿಲ್ಲ ಅಂತ ನಿಯಮ. ತಜ್ಞರು ಬಂದ್ರು, ಹನ್ನೊಂದಕ್ಕ ಸರಿಯಾಗಿ ಬಂದ್ರು. ಕುಂತ್ರು. ಅಭ್ಯರ್ಥಿಗಳ ಪಟ್ಟಿ ಕೈಯಾಗ ಕೊಟ್ಟೆ. ಒಂದು ಹೆಸರು ನೋಡಿದ್ರು ನೋಡ್ರಿ, ಎದ್ದು ನಿಂತುಬಿಟ್ರು. ಈ ಹುಡುಗ ನನಗ ಬೇಕಾದಾವ, ನಾ ಇವನಿಗೆ ಮಾರ್ಕ್ಸ್ ಹಾಕೂದು ನ್ಯಾಯ ಅಲ್ಲ, ಬ್ಯಾರೆಯವರನ್ನ ಕರಸ್ರಿ ಅಂತ ಬರದು ಸಹಿ ಮಾಡಿ ಹೋದ್ರು. ಪ್ರಿನ್ಸಿಪಾಲರು ಕೈ ಮುಗುದ್ರೂ ಕೇಳಲಿಲ್ಲ. ಇಂಥವರೂ ಇರ್ತಾರ್ರಿ! ಆ ಹುಡುಗನ ನಸೀಬು ಕೆಟ್ಟದ್ದು ನೋಡ್ರಿ."

"ಯಾರ ಹೆಸರು ನೋಡಿ ಎದ್ರು?"

"ಅದನ್ನ ಹೇಳಾಂಗಿಲ್ಲ, ಗುಪ್ತ." ವಿನೋದ ಮಾತು ನಿಲ್ಲಿಸಿ ಅನಿಲಕುಮಾರನ ಅಂಗಿಯನ್ನೇ ನೋಡತೊಡಗಿದ. ಸುಣ್ಣವೆಲ್ಲ ಉದುರಿ ಸಮುದ್ರಗಳು ಬಯಲಾಗಿದ್ದವು. "ಅಲ್ರಿ... ಇದ ನೀಲಿ! ಆ ಮೇಡಂ ಸೀರಿನೂ ಥೇಟ್ ಇದ ಬಣ್ಣ! ಸೆರಗಿಗೆ ಗಾಢ, ನಿರಿಗಿಗೆ ತಿಳಿ. ಮಾನವಿಯೊಳಗ ಇದು ಹೊಸಾ ಫ್ಯಾಶನ್ನೇನ್ರಿ?"

ಅನಿಲಕುಮಾರನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅಷ್ಟರಲ್ಲಿ ಉರುಕುಂದಪ್ಪ ಚಹಾ ಹಿಡಿದು ಬಂದ. "ಎಲ್ಲಿ ಹೋದ್ರಿ ಸರ? ಹುಡುಗೂರು ಹಲಗಿ ಒರಸಾಕ ಬಿಡವಲ್ವು. ನೀವು ಬರದದ್ದು ಹಂಗ ಇರಲಿ ಅಂತ. ಆ ತಾರೀಖು ಮಾತ್ರ ಅಳಿಸಿ ಇವತ್ತಿಂದು ಹಾಕ್ಯಾವ." ಚಹಾ ಅನಿಲಕುಮಾರನ ಕೈಗಿಟ್ಟು, ತಾನು ಗೋಡೆ ಗಡಿಯಾರಕ್ಕೆ ಶೆಲ್ ತರಲು ಅಂಗಡಿಗೆ ಹೊರಟ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಜಯಾಬಾಯಿ ಕೂತಿದ್ದರು. ದೂರದಿಂದಲೇ ಗುರುತು ಸಿಕ್ಕಿತು. ಅಷ್ಟು ಜನರ ನಡುವೆ ಅವರೊಬ್ಬರೇ ಆ ನೀಲಿ.

"ಬಾ. ಎರಡು ಬಸ್ ಬಿಟ್ಟೆ, ನೀ ಬರ್ತಿ ಅಂತ" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅಂಗಿಯನ್ನು ನೋಡಿ ಕಣ್ಣು ಮುಚ್ಚಿಕೊಂಡರು. "ನಸುಕಿನ್ಯಾಗ ಕರೆಂಟ್ ಇರಲಿಲ್ಲ, ಕತ್ತಲದಾಗ ಸೀರಿ ಉಟ್ಟೆ. ಬೆಳಕು ಹರಿದ ಮ್ಯಾಲ ನೋಡ್ಕೊಂಡು ಎದಿ ಒಡೀತು. ನನ್ನ ಸೀರಿ ಹೋಗ್ಲಿ, ಆ ಹುಡುಗನ ಅಂಗಿ ಏನಾಗಿರಬೇಕು ಅಂತ."

"ಮೇಡಂ, ನೀವ ತಜ್ಞರು ಅಂತ ಹೇಳಬಾರದೇನ್ರಿ?"

"ಗುಪ್ತ ಇರಲಿ ಅಂತ ಪತ್ರದಾಗ ಬರದಿದ್ರು. ನೀನರ ಯಾವ ಕಾಲೇಜು ಅಂತ ಹೇಳಿದ್ರ ನಾ ನಿನ್ನೆ ರಾತ್ರಿನ ಒಲ್ಲೆ ಅಂತ ತಿಳಸ್ತಿದ್ದೆ, ಅವರು ಬ್ಯಾರೆಯವರನ್ನ ಕರಸ್ತಿದ್ರು, ಇವತ್ತ ನಿನ್ನ ಕೆಲಸ ಮುಗೀತಿತ್ತು. ಯಾಕ ಮುಚ್ಚಿಟ್ಟಿ?"

"ಅವ್ವ ಆಣಿ ಹಾಕಿದ್ಲು."

ಜಯಾಬಾಯಿ ನೀಲಿ ಹತ್ತಿದ ತಮ್ಮ ಅಂಗೈ ನೋಡಿಕೊಂಡರು.

"ನೆರೆಮನಿಯಾವ ಅಂತಷ್ಟ ಇದ್ರ ಮನಸ್ಸು ಗಟ್ಟಿ ಮಾಡಿ ಕೂಡ್ತಿದ್ದೆನೋ ಏನೋ" ಎಂದರು ಜಯಾಬಾಯಿ. "ಆದ್ರ ಅಂಗಿ ಒಗದ ಕೈ ಇದು. ಇದ ಕೈಲಿಂದ ಮಾರ್ಕ್ಸ್ ಹಾಕೂದು ಹ್ಯಾಂಗ? ನಾಳೆ ಯಾರಾದ್ರೂ ನಿನಗ ಬೆರಳು ತೋರಿಸಿದ್ರ? ನಿನಗ ಸಿಗೋ ಕೆಲಸ ಸ್ವಚ್ಛ ಬಿಳಿ ಇರಬೇಕಪಾ." ಆಮೇಲೆ ದನಿ ತಗ್ಗಿಸಿ ಹೇಳಿದರು, "ಹೊರಗ ಬರೋ ಮುಂದ ಕಾರಿಡಾರಿನ್ಯಾಗ ಒಂದು ದನಿ ಕೇಳಿಸ್ತು. ಬಕ್ರಾ, ಬಕ್ರೀ, ಆಮ್ಯಾಲ ಮರ ಅಂದ್ರ ಹೆಣ್ಣು ಅಂತ ಯಾರೋ ಹೇಳ್ಲಿಕ್ಕತ್ತಿದ್ರು. ಹತ್ತು ನಿಮಿಷ ಗ್ವಾಡಿಗೆ ಆತು ನಿಂತೆ. ಆ ಬಕ್ರಾ-ಬಕ್ರೀ ನನಗೂ ಹೊಳೆದಿರಲಿಲ್ಲ ನೋಡು, ಮೂವತ್ತೆರಡು ವರ್ಷದಾಗ."

"ಮಾರ್ಕ್ಸ್ ಹಾಕಿದ್ರೇನ್ರಿ?"

"ಹಾಕಿದೆ. ಪೂರಾ ಹಾಕಿದೆ. ಆದ್ರ ಯಾರಿಗೂ ಕೊಡಾಂಗಿಲ್ಲ."

ಮಾನವಿಯ ಬಸ್ಸು ಬಂತು. ಬೆಳಗಿನ ಕಂಡಕ್ಟರೇ ಇದ್ದ. ನೀಲಿ ಅಂಗಿ, ನೀಲಿ ಸೀರೆ ಎರಡನ್ನೂ ನೋಡಿ, "ಎಲ್ಲಾರೂ ಸರೀರಿ, ಬಕೆಟ್ ಮಂದಿ ಬಂದಾರ!" ಎಂದು ಕೂಗಿ ಕಿಟಕಿಯ ಜಾಗ ಕೊಡಿಸಿದ.

ಮಾನವಿಯ ನಿಲ್ದಾಣದಲ್ಲಿ ಶೇಖಮ್ಮ, ಮಹಬೂಬೀ, ಇಸ್ತ್ರಿ ಗಾಡಿ ಬಿಟ್ಟು ಬಂದ ತಾಯಣ್ಣ, ಮೂವರೂ ಕಾಯುತ್ತಿದ್ದರು.

"ಏನಾತು?" ಎಂದರು ಮೂವರೂ.

"ಮುಂದಿನ ಸೋಮವಾರ ಮತ್ತ ಬಾ ಅಂದಾರ."

"ಸೋಮವಾರಕ್ಕ ಅಂಗಿ ನನಗ ಕೊಡು" ಎಂದರು ಜಯಾಬಾಯಿ. "ಈ ಸಲ ಹಗಲ ಹೊತ್ತಿನ್ಯಾಗ ನೀಲಿ ಹಾಕ್ತೀನಿ."

ಅನಿಲಕುಮಾರ ಎರಡೂ ಕೈಯಿಂದ ಕಾಲರ್ ಭದ್ರವಾಗಿ ಹಿಡಿದುಕೊಂಡ. ಅಷ್ಟರಲ್ಲಿ ಶೇಖಮ್ಮ ಅವನ ಮೊಣಕೈ ಚಿವುಟಿ ಪಕ್ಕಕ್ಕೆ ಎಳೆದಳು. ಜಯಾಬಾಯಿಯವರ ಕಡೆ ಒಮ್ಮೆ ಕಳ್ಳನೋಟ ಹರಿಸಿ, ಮಗನ ಕಿವಿಯಲ್ಲಿ, ಆದರೆ ಇಡೀ ನಿಲ್ದಾಣಕ್ಕೆ ಕೇಳುವಂತೆ ಪಿಸುಗುಟ್ಟಿದಳು:

"ಯಾವ ಕಾಲೇಜು ಅಂತ ಯವ್ವಾರ ಮುಂದ ಬಾಯಿ ಬಿಟ್ಟಿಲ್ಲ ಹೌದಲ್ಲೋ? ಮುಂದಿನ ಸೋಮವಾರದ ತನಕ ಹಂಗ ಇರು!"

ಜಯಾಬಾಯಿ ನೀಲಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಬಸ್ಸಿನ ಬೋರ್ಡನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.